ಮುನಿಸಿಗೆ ಕಾಲಂ ಇಲ್ಲ

ಪ್ಲಾಸ್ಟಿಕ್ ಕುರ್ಚಿ ಕಂಡರೆ ಎಣಿಸುವ ಚಟವೊಂದು ನನಗೆ ಅಂಟಿಕೊಂಡಿದೆ. ಮದುವೆಮನೆಯಲ್ಲಿ ಉಳಿದವರು ವಧುವಿನ ಸೀರೆಯನ್ನೋ ಮಂಟಪದ ಹೂವನ್ನೋ ನೋಡುತ್ತಿರುವಾಗ ನಾನು ಅಡ್ಡಸಾಲನ್ನು ಎಣಿಸಿ, ಉದ್ದಸಾಲಿನಿಂದ ಗುಣಿಸಿ, ಶಾಮಿಯಾನದ ವಿಸ್ತೀರ್ಣವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ ಮುಗಿಸಿರುತ್ತೇನೆ. ಮೊದಮೊದಲು ನನ್ನ ಹೆಂಡತಿ ಇದನ್ನು ಗಣಿತಾಸಕ್ತಿಯೆಂದು ಗೌರವಿಸಿದಳು. ಬರಬರುತ್ತ ತುಟಿಯಲುಗಿಸುತ್ತ ಕೂತ ಗಂಡನನ್ನು ಕಂಡು ನಾಲ್ಕು ಜನ ಏನೆಂದುಕೊಂಡಾರೆಂಬ ಚಿಂತೆ ಹತ್ತಿ, ತೋಳು ಚಿವುಟುವ ಕ್ರಮಕ್ಕೆ ಬಂದಳು. ಈ ವ್ಯಾಧಿಯ ಮೂಲ ಯಾವುದೆಂದು ನೀವು ಕೇಳಿದರೆ ನಾನು ಚುನಾವಣೆಯ ಹೆಸರನ್ನೇ ಹೇಳಬೇಕಾಗುತ್ತದೆ.

ನಾನು ತುಮಕೂರಿನಲ್ಲಿ ತೋಟಗಾರಿಕೆಯ ಅಧಿಕಾರಿ. ಬೆಳ್ಳಾವಿಯಲ್ಲಿ ಹುಟ್ಟಿ, ಮರಳೂರಿನಲ್ಲಿ ಮನೆ ಕಟ್ಟಿ, ತೆಂಗಿನ ನುಸಿರೋಗದಲ್ಲಿ ಅಲ್ಪಸ್ವಲ್ಪ ಪಾಂಡಿತ್ಯ ಸಂಪಾದಿಸಿಕೊಂಡವನು. ಆದರೆ ನಮ್ಮ ಪ್ರಜಾಪ್ರಭುತ್ವಕ್ಕೆ ಸ್ವಂತ ಆಳುಕಾಳು ಕಡಿಮೆ. ಚುನಾವಣೆ ಬಂತೆಂದರೆ ಅದು ನೆಂಟರು ಬಂದಾಗ ಪಕ್ಕದ ಮನೆಯಿಂದ ತಟ್ಟೆಲೋಟ ತರುವಂತೆ ಎಲ್ಲ ಇಲಾಖೆಗಳಿಂದ ಮನುಷ್ಯರನ್ನು ಎರವಲು ತರುತ್ತದೆ. ಮೇಷ್ಟ್ರುಗಳು ಮತಗಟ್ಟೆಗೆ, ಪಶುವೈದ್ಯರು ಚೆಕ್‌ಪೋಸ್ಟಿಗೆ, ನುಸಿ ಹುಡುಕುತ್ತಿದ್ದ ನಾನು ಫ್ಲೈಯಿಂಗ್ ಸ್ಕ್ವಾಡಿಗೆ. ಎಲ್ಲಿ ನೀತಿಸಂಹಿತೆಯ ಉಲ್ಲಂಘನೆಯಾಗಿದೆಯೆಂದು ದೂರು ಬಂದರೂ ಜೀಪಿನಲ್ಲಿ ಧಾವಿಸಿ, ವಿಡಿಯೊ ಮಾಡಿಸಿ, ವರದಿ ಬರೆಯುವ ಕೆಲಸ ಅದು. ಹಾರುವ ದಳವೆಂಬ ಹೆಸರಿಗೂ ನನ್ನ ಮಂಡಿನೋವಿಗೂ ಯಾವ ಸಂಬಂಧವೂ ಇರಲಿಲ್ಲ.

ತರಬೇತಿಯ ದಿನ ನಮಗೆ ದರಪಟ್ಟಿಯೊಂದನ್ನು ಕೊಟ್ಟರು. ಅಭ್ಯರ್ಥಿಯ ಸಭೆಯಲ್ಲಿ ಕುರ್ಚಿಗಿಷ್ಟು, ಹಾರಕ್ಕಿಷ್ಟು, ಚಹಾಕ್ಕಿಷ್ಟು, ತಟ್ಟೆ ಉಪ್ಪಿಟ್ಟಿಗಿಷ್ಟು ಎಂದು ಸರ್ಕಾರವೇ ಬೆಲೆ ಕಟ್ಟಿರುತ್ತದೆ. ನಾವು ಕಂಡದ್ದನ್ನು ಎಣಿಸಿ ಬರೆದರೆ ಅದು ಅವರ ಖರ್ಚಿಗೆ ಸೇರುತ್ತದೆ. ಈ ಪಟ್ಟಿಯನ್ನು ನೀವು ನಗುತ್ತ ಓದಬಹುದು, ಆದರೆ ನನಗೆ ಅದರ ಮೇಲೆ ಈಗಲೂ ಗೌರವವಿದೆ. ದುಡ್ಡಿದ್ದವನ ಅಬ್ಬರವನ್ನು ಕುರ್ಚಿಯ ಮಟ್ಟಕ್ಕೆ ಇಳಿಸಿ ಲೆಕ್ಕ ಕೇಳುವ ವ್ಯವಸ್ಥೆ ಸಣ್ಣದೇನಲ್ಲ.

ಹೀಗೆ ಎಣಿಕೆಯ ದೀಕ್ಷೆ ಪಡೆದ ನನಗೆ ಒಂದು ಮಧ್ಯಾಹ್ನ ಕುಣಿಗಲ್ ಆಚೆಯ ಹಳ್ಳಿಯೊಂದರಿಂದ ದೂರು ಬಂತು. ಬೀಗರ ಊಟದ ನೆಪದಲ್ಲಿ ಮತದಾರರಿಗೆ ಬಾಡೂಟ ಹಾಕುತ್ತಿದ್ದಾರೆಂದು ಯಾರೋ ಚುನಾವಣಾ ಆಯೋಗದ ದೂರಿನ ಆ್ಯಪಿನಲ್ಲಿ ಫೋಟೊ ಕಳಿಸಿದ್ದರು. ನಮ್ಮ ಕಡೆ ಮದುವೆಯಾದ ಮೇಲೆ ಹೊಸ ನೆಂಟರನ್ನು ಕರೆದು ಮಾಂಸದೂಟ ಹಾಕುವುದು ಮದುವೆಯಷ್ಟೇ ಮುಖ್ಯವಾದ ಪದ್ಧತಿ. ಚುನಾವಣೆಯ ಕಾಲದಲ್ಲಿ ಅದೇ ಪದ್ಧತಿ ಪಕ್ಷಗಳಿಗೆ ಒಳ್ಳೆಯ ಮುಸುಕಾಗುವುದೂ ಉಂಟು. ಜೀಪು ನಿಲ್ಲುವ ಮೊದಲೇ ಮಸಾಲೆಯ ಘಮ ನಮ್ಮನ್ನು ಎದುರುಗೊಂಡಿತು. ಕರ್ತವ್ಯದ ಮೇಲಿರುವವರು ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟಕೂಡದೆಂದು ನಿಯಮವಿರುವುದರಿಂದ ನಾನು ಆದಷ್ಟೂ ಉಸಿರನ್ನು ಮಿತವಾಗಿ ತೆಗೆದುಕೊಂಡೆ.

ಮನೆಯ ಯಜಮಾನರ ಹೆಸರು ನಂಜೇಗೌಡರು. ವಾರದ ಹಿಂದೆ ಮಗನ ಮದುವೆಯಾಗಿತ್ತು, ಸೊಸೆ ಗುಬ್ಬಿ ಕಡೆಯವಳು. ಲಗ್ನಪತ್ರಿಕೆ ತಂದು ತೋರಿಸಿದರು. ಆದರೆ ಮದುವೆ ನಿಜವಾದ ಮಾತ್ರಕ್ಕೆ ಊಟದ ಖರ್ಚೂ ಅವರದೇ ಎಂದು ಹೇಳುವುದು ಹೇಗೆ? ಅದೂ ಅಲ್ಲದೆ, ಪಕ್ಷವೊಂದರ ಸ್ಥಳೀಯ ಮುಖಂಡರು ಚಪ್ಪರದ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು.

"ಅವ್ರೂ ಈ ಊರವ್ರೇ ಸಾರ್. ಮನೆ ಎದುರ್ಗೇ ಇರೋರ್ನ ಕರೀದೆ ಹೆಂಗಿರಾದು?" ಎಂದರು ನಂಜೇಗೌಡರು.

"ಮದುಮಕ್ಕಳೆಲ್ಲಿ?"

"ದೇವರಾಯನದುರ್ಗಕ್ಕೆ ಪೂಜೆಗೆ ಹೋಗವ್ರೆ. ಇನ್ನೇನ್ ಬಂದ್ಬುಡ್ತಾರೆ."

ಮದುಮಕ್ಕಳಿಲ್ಲದ ಬೀಗರ ಊಟ, ಬಾಗಿಲಲ್ಲಿ ರಾಜಕೀಯ ಮುಖಂಡ. ನನ್ನ ಜೊತೆಗಿದ್ದ ಪೊಲೀಸರು ನನ್ನ ಮುಖ ನೋಡಿದರು. ಉಲ್ಲಂಘನೆಯೆಂದು ನಾನೊಂದು ಮಾತು ಹೇಳಿದರೆ ಊಟ ನಿಲ್ಲುತ್ತದೆ, ಪಾತ್ರೆಗಳು ಟೆಂಪೋ ಹತ್ತುತ್ತವೆ, ನಂಜೇಗೌಡರ ಮೇಲೆ ಕೇಸಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗುಬ್ಬಿಯಿಂದ ಬಂದ ಬೀಗರು ಉಣ್ಣದೆ ವಾಪಸಾಗುತ್ತಾರೆ, ಮನೆಗೆ ಕಾಲಿಟ್ಟು ವಾರವಾಗದ ಆ ಹುಡುಗಿ ಅದರ ಮಾತನ್ನು ಬದುಕಿಡೀ ಕೇಳಬೇಕಾಗುತ್ತದೆ. ಉಲ್ಲಂಘನೆಯಲ್ಲವೆಂದು ಹೇಳಿ ಅದು ಸುಳ್ಳಾದರೆ, ನಾನು ಇಡೀ ತಾಲ್ಲೂಕಿಗೆ ಮೋಸ ಮಾಡಿದ ಹಾಗಾಗುತ್ತದೆ. ನನಗೆ ನಿಜಕ್ಕೂ ಭಯವಾಯಿತು. ನುಸಿಯಾದರೆ ಭೂತಗನ್ನಡಿ ಹಿಡಿದು ನೋಡಬಹುದಿತ್ತು.

ದಿಕ್ಕು ತೋಚದವರು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಕುರ್ಚಿ ಎಣಿಸತೊಡಗಿದೆ. ನಾವು ಬಂದ ಗಡಿಬಿಡಿಯಲ್ಲಿ ಊರವರೇ ಮೊದಲ ಪಂಕ್ತಿಯಲ್ಲಿ ಕೂತುಬಿಟ್ಟಿದ್ದರು. ಎಣಿಕೆ ಅರ್ಧಕ್ಕೆ ಬರುವಷ್ಟರಲ್ಲಿ, ಬಿಳಿ ಪಂಚೆಯ ಹಿರಿಯರೊಬ್ಬರು ಟವೆಲ್ಲನ್ನು ಹೆಗಲ ಮೇಲೆ ಒದರಿಕೊಂಡು ಚಪ್ಪರದಿಂದ ಹೊರನಡೆದು, ರಸ್ತೆಯಾಚೆ ಹೊಂಗೆಮರದ ಕಟ್ಟೆಯ ಮೇಲೆ ನಮಗೆಲ್ಲ ಬೆನ್ನು ಮಾಡಿ ಕೂತರು. ಅವರು ಸೊಸೆಯ ದೊಡ್ಡಪ್ಪ. ಬೀಗರ ಹಿರಿಯರನ್ನು ಕೈಹಿಡಿದು ಕರೆತಂದು ಮೊದಲ ಎಲೆಗೆ ಕೂರಿಸಬೇಕಾದ ಹೊತ್ತಿನಲ್ಲಿ ನಂಜೇಗೌಡರು ನನ್ನ ಮುಂದೆ ನಿಂತು ಉತ್ತರ ಕೊಡುತ್ತಿದ್ದರು.

ನಂಜೇಗೌಡರು ಮಾತು ಅರ್ಧಕ್ಕೆ ಬಿಟ್ಟು ಕಟ್ಟೆಯ ಕಡೆ ತಿರುಗಿದರು. ಪೊಲೀಸರಿಗೆ ಹೆದರದಿದ್ದವರು, ವಿಡಿಯೊಗೆ ಹೆದರದಿದ್ದವರು, ಆ ಬೆನ್ನಿಗೆ ಹೆದರಿದರು.

"ಸಾರ್, ಕೇಸ್ ಬೇಕಾದ್ರೆ ಹಾಕ್ಕಳಿ. ಮೊದ್ಲು ಅವ್ರನ್ನ ಕರ್ಕಂಡ್ ಬತ್ತೀನಿ, ಬುಡಿ" ಎಂದವರೇ, ನಮ್ಮನ್ನೂ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ ಮುಖಂಡರನ್ನೂ ದಾಟಿ, ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಿಗೆ ಓಡಿದರು. ಕಟ್ಟೆಯ ಮುಂದೆ ಬಗ್ಗಿ ನಿಂತು ಏನು ಹೇಳಿದರೋ ಕೇಳಿಸಲಿಲ್ಲ. ದೊಡ್ಡಪ್ಪ ಮೊದಲು ತಲೆಯಾಡಿಸಿದರು, ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಕಡೆಗೆ ಎದ್ದರು. ಇಬ್ಬರೂ ಕೈ ಹಿಡಿದುಕೊಂಡೇ ರಸ್ತೆ ದಾಟಿ ಬಂದರು. ಅವರನ್ನು ಕಂಡು ಮೊದಲ ಪಂಕ್ತಿಯ ಊರವರು ತಾವಾಗಿಯೇ ಎದ್ದು ಜಾಗ ಬಿಟ್ಟರು.

ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಓಟಿಗಾಗಿ ಹಾಕುವ ಊಟವನ್ನು ನಾನು ಬೇರೆ ಕಡೆ ಕಂಡಿದ್ದೆ; ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ, ಮುನಿಸಿಕೊಂಡರೆ ಕರೆಯಲು ಯಾರೂ ಹೋಗುವುದಿಲ್ಲ, ಒಬ್ಬ ಎದ್ದರೆ ಅವನ ಎಲೆಗೆ ಇನ್ನೊಬ್ಬ ಬರುತ್ತಾನೆ. ಮುನಿಸು ಹಕ್ಕಿದ್ದವರ ಸ್ವತ್ತು. ಬೆಳ್ಳಾವಿಯ ನಮ್ಮ ಮನೆಯಲ್ಲೇ ಹಿಂದೊಮ್ಮೆ ಹೀಗೆ ಎದ್ದುಹೋದ ಬೀಗರೊಬ್ಬರನ್ನು ಕರೆಯಲು ನಮ್ಮವರು ತಡಮಾಡಿದ್ದರಿಂದ, ಆ ಮನೆಗೆ ಕೊಟ್ಟಿದ್ದ ನನ್ನ ಸೋದರತ್ತೆ ಎಷ್ಟೋ ವರ್ಷ ತವರಿಗೆ ಬರಲಾಗದೆ ಹೋಗಿದ್ದಳು.

ಸಂಜೆ ವರದಿಯಲ್ಲಿ ಉಲ್ಲಂಘನೆ ಕಂಡುಬಂದಿಲ್ಲವೆಂದು ಬರೆದೆ. ಮೇಲಿನ ಸಾಹೇಬರು ಓದಿ, "ಹೆಂಗ್ರೀ ತೀರ್ಮಾನ ಮಾಡಿದ್ರಿ?" ಎಂದು ಕೇಳಿದರು.

"ಸಾರ್, ಬೀಗರ ಕಡೇವ್ರೊಬ್ರು ಮುನಿಸ್ಕೊಂಡ್ರು. ಯಜಮಾನ್ರು ನಮ್ಮನ್ನ ಬಿಟ್ಟು ಅವ್ರನ್ನ ಕರಿಯೋಕೆ ಓಡಿದ್ರು."

ಅವರು ವಿಡಿಯೊವನ್ನು ಎರಡು ಸಲ ಹಾಕಿಸಿ ನೋಡಿದರು. "ಸರಿ ಬಿಡಿ. ಆದ್ರೆ ಇದಕ್ಕೆ ಕಾಲಂ ಇಲ್ವಲ್ರೀ" ಎಂದು ನಗುತ್ತ ಸಹಿ ಹಾಕಿದರು.

ಕಾಲಂ ಇಲ್ಲದ್ದು ಯಾರ ತಪ್ಪೂ ಅಲ್ಲ. ಚುನಾವಣೆ ಮುಗಿದ ಮೇಲೆ ಲೆಕ್ಕ ಒಪ್ಪಿಸುತ್ತಾರಲ್ಲ, ಎಷ್ಟು ತಂಡ, ಎಷ್ಟು ಸಿಬ್ಬಂದಿ, ಎಷ್ಟು ವಾಹನ, ಎಷ್ಟು ದೂರು ವಿಲೇವಾರಿ ಎಂದು, ಅದರಲ್ಲಿ ನಂಜೇಗೌಡರ ಓಟವೂ ಒಂದು ಅಂಕಿಯಾಗಿ ಸೇರಿಹೋಗಿರುತ್ತದೆ. ಅಂಕಿಯಿಲ್ಲದೆ ಆಡಳಿತ ನಡೆಯದು, ಒಪ್ಪುತ್ತೇನೆ. ಆದರೂ ಅದೇ ಚುನಾವಣೆಯಲ್ಲಿ ರಸ್ತೆಯಿಲ್ಲವೆಂದು ಗುಬ್ಬಿ ಕಡೆಯ ಒಂದು ಹಳ್ಳಿ ಓಟು ಹಾಕುವುದಿಲ್ಲವೆಂದು ಕೂತಾಗ, ಅಧಿಕಾರಿಯೊಬ್ಬರು ಹೋಗಿ ನೆಲದ ಮೇಲೆ ಅವರ ಸಮಕ್ಕೆ ಕೂತು ಮಾತಾಡಿದರೆಂದೂ ಜನ ಮಧ್ಯಾಹ್ನದ ಮೇಲೆ ಎದ್ದು ಮತಗಟ್ಟೆಗೆ ಬಂದರೆಂದೂ ಕೇಳಿದಾಗ, ನನಗೆ ಆ ಹೊಂಗೆಮರದ ಕಟ್ಟೆಯೇ ನೆನಪಾಯಿತು. ಬೆನ್ನು ತಿರುಗಿಸಿ ಕೂತವರು ಈ ಮನೆ ತಮ್ಮದೆಂದು ಇನ್ನೂ ನಂಬಿರುತ್ತಾರೆ. ಆ ನಂಬಿಕೆ ಹೋದವರು ಕಟ್ಟೆಯ ಮೇಲೆ ಕೂರುವುದೂ ಇಲ್ಲ, ಸುಮ್ಮನೆ ಊರು ಬಿಟ್ಟು ಹೋಗುತ್ತಾರೆ.

ಮೊನ್ನೆ ಬೆಳ್ಳಾವಿಯಲ್ಲಿ ನಮ್ಮಣ್ಣನ ಮಗನ ಬೀಗರ ಊಟ. ಅಭ್ಯಾಸಬಲದಿಂದ ಕುರ್ಚಿ ಎಣಿಸುತ್ತ ಕೂತಿದ್ದೆ. ಮೊದಲ ಸಾಲಿನಲ್ಲಿ ಒಂದು ಖಾಲಿ. ಹೆಂಡತಿ ಚಿವುಟಲಿಲ್ಲ, "ನಿಮ್ ಭಾವ ಕಾಣ್ತಿಲ್ಲ, ಯಾರೂ ಕರ್ದಿಲ್ಲ ಅನ್ಸುತ್ತೆ, ನೋಡ್ರಿ" ಎಂದಳು. ನನ್ನ ಅಕ್ಕನ ಗಂಡ ಹಿತ್ತಲಲ್ಲಿ ತೆಂಗಿನ ಮರಕ್ಕೊರಗಿ, ತೋಟದ ಕಡೆ ಮುಖ ಮಾಡಿ ನಿಂತಿದ್ದರು. ಹತ್ತಿರ ಹೋಗಿ ಕೈ ಹಿಡಿದುಕೊಂಡೆ.

"ಮುಗೀತೇನಪ್ಪಾ ನಿನ್ ಕುರ್ಚಿ ಲೆಕ್ಕ?" ಎಂದರು, ಮುಖ ತಿರುಗಿಸದೆ.

"ಒಂದು ಕಡಿಮೆ ಬಂತು ಭಾವ," ಎಂದೆ. "ಬನ್ನಿ."