ರಜೆ ಹಾಕಿ ಎಲ್ಲಿ ಮಲಗುವುದು?

ದೇರೆಬೈಲಿನ ಪಂಕಜಾಕ್ಷಿಯ ಬಾಯಲ್ಲಿ ಸುದ್ದಿ ಎನ್ನುವುದು ನಿಲ್ಲುವುದಿಲ್ಲ. ಒಳ್ಳೆಯ ಸುದ್ದಿಯಾದರೆ ಕೇಳುವುದೇ ಬೇಡ, ಬಸ್ಸಿಳಿದು ಮನೆ ಸೇರುವಷ್ಟು ಹೊತ್ತು ತಡೆದುಕೊಳ್ಳುವುದೂ ಅವಳಿಗೆ ಒಂದು ವ್ರತ. ಆ ಸಂಜೆ ಗೇಟು ತೆಗೆಯುವ ಮೊದಲೇ ಕೂಗು ಶುರುವಾಗಿತ್ತು.

"ತನ್ಮಯೀ, ಓ ತನ್ಮಯೀ! ನಿಂಗೆ ರಜೆ ಉಂಟು ಮಾರಾಯ್ತಿ, ತಿಂಗಳಿಗೊಂದು! ಆರ್ಡರ್ ಬಂತು!"

ಸೊಸೆ ಬಾಗಿಲಿಗೆ ಬಂದಳು. ಜೊತೆಗೇ, ಜಗಲಿಯಲ್ಲಿ ಪೇಪರ್ ಓದುತ್ತ ಕೂತಿದ್ದ ಗಂಡ ಹರಿದಾಸರೂ ತಲೆಯೆತ್ತಿ, "ಎಂತ ರಜೆ?" ಎಂದರು. ಪಂಕಜಾಕ್ಷಿ ನಾಲಿಗೆ ಕಚ್ಚಿಕೊಂಡಳು. "ಎಂತದ್ದೂ ಇಲ್ಲ, ಹೆಂಗಸರದ್ದು" ಎಂದು ಸೊಸೆಯನ್ನು ಒಳಗೆ ನೂಕಿಕೊಂಡು ಹೋದಳು.

ಸುದ್ದಿ ಇಷ್ಟೇ. ಸರ್ಕಾರಿ ಕೆಲಸದ ಹೆಂಗಸರಿಗೆ ತಿಂಗಳಿಗೊಂದು ದಿನ, ಸಂಬಳ ಸಹಿತ, ಮುಟ್ಟಿನ ರಜೆ. ಡಾಕ್ಟರ ಚೀಟಿ ಬೇಡ, ಕಾರಣ ಬಿಡಿಸಿ ಹೇಳುವುದು ಬೇಡ. ಐವತ್ತೆರಡು ವರ್ಷ ದಾಟಿದವರಿಗೆ ಮಾತ್ರ ಇಲ್ಲ. ಪಂಕಜಾಕ್ಷಿ ಅದನ್ನು ದಾಟಿ ಆಗಲೇ ಕೆಲವು ವರ್ಷ ಕಳೆದಿತ್ತು. ಆಫೀಸಿನಲ್ಲಿ ಆರ್ಡರ್ ಓದಿದಾಗ ಪಕ್ಕದ ಮೇಜಿನ ಡೈಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. "ನಮ್ಮದು ನೋಡು ಪಂಕಜಾ, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ!"

"ನಮಗಿಲ್ಲದಿದ್ರೆ ಎಂತ, ನಮ್ಮ ಹುಡುಗಿಯರಿಗುಂಟಲ್ಲ" ಎಂದಿದ್ದಳು ಪಂಕಜಾಕ್ಷಿ. ಅದು ಬಾಯಿಮಾತಲ್ಲ. ಸೊಸೆಯ ಮೇಲೆ ಅವಳಿಗೆ ಜೀವ. ತನ್ಮಯಿ ಬಜಪೆಯ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಮಗ ಕೃಷ್ಣಕಿಶೋರ್ ಅಲ್ಲೇ ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದಾನೆ. ಇಬ್ಬರೂ ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಹೊರಡುವುದನ್ನು ನೋಡಲಿಕ್ಕೆಂದೇ ಪಂಕಜಾಕ್ಷಿ ತನ್ನ ಬಸ್ಸನ್ನು ಒಂದೊಂದು ದಿನ ಬಿಟ್ಟದ್ದೂ ಉಂಟು. ಆ ಹುಡುಗಿಗೆ ತಿಂಗಳ ದಿನ ಬಂತೆಂದರೆ ಹೊಟ್ಟೆನೋವು ಅಂತಿಂಥದ್ದಲ್ಲ. ತುಟಿ ಬಿಳಿಚಿಕೊಳ್ಳುತ್ತದೆ, ಗೋಡೆ ಹಿಡಿದು ನಡೆಯುತ್ತಾಳೆ.

ಆದರೆ ಅತ್ತೆಯ ಸಿಹಿಸುದ್ದಿಗೆ ತನ್ಮಯಿ ಹೇಳಿದ್ದು ಒಂದೇ ಮಾತು. "ಹೌದಾ ಅತ್ತೆ? ಒಳ್ಳೆದಾಯ್ತು." ಹೇಳಿ, ಬಟ್ಟೆ ತೆಗೆಯಲು ತಾರಸಿಗೆ ಹೋದಳು.

ತಿಂಗಳು ಬಂತು. ತನ್ಮಯಿ ರಜೆ ಹಾಕಲಿಲ್ಲ. ಇನ್ನೊಂದು ತಿಂಗಳು ಬಂತು, ಆಗಲೂ ಇಲ್ಲ. ಎಂದಿಗಿಂತ ಬೇಗ ಎದ್ದು, ಗುಳಿಗೆ ನುಂಗಿ, ಹಲ್ಲು ಕಚ್ಚಿಕೊಂಡು ಶಾಲೆಗೆ ಹೋದಳು. ಪಂಕಜಾಕ್ಷಿಗೆ ಮೊದಲು ಆಶ್ಚರ್ಯ, ಆಮೇಲೆ ಬೇಜಾರು, ಕಡೆಗೆ ಸಿಟ್ಟು. ಅವಳ ಸಿಟ್ಟೆಂದರೆ ಹಾಲು ಉಕ್ಕಿದ ಹಾಗೆ, ಬರುವುದೂ ಬೇಗ, ಇಳಿಯುವುದೂ ಬೇಗ.

ಮೂರನೆಯ ಸಲ ತನ್ಮಯಿ ಗೇಟಿನ ಮೆಟ್ಟಿಲಲ್ಲೇ ಕುಸಿದು ಕೂತಳು. ಕೃಷ್ಣಕಿಶೋರ್ ಸ್ಕೂಟರ್ ತರಲು ಹಿಂದೆ ಹೋಗಿದ್ದ. ಪಂಕಜಾಕ್ಷಿ ಎರಡು ಮಾರು ದೂರದಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು, ಗದರಿದಳು.

"ನಿಂಗೆ ಮಂಡೆ ಸರಿ ಉಂಟಾ? ಸರ್ಕಾರ ಕರೆದು ಕೊಟ್ಟದ್ದನ್ನು ಬೇಡ ಅಂತ ಹೇಳುವವರುಂಟಾ? ನಾವು ಹೀಗೊಂದು ರಜೆ ಕನಸಲ್ಲೂ ಕಂಡದ್ದಿಲ್ಲ. ಸುಮ್ಮನೆ ರಜೆ ಹಾಕಿ ಮಲಗು."

ತನ್ಮಯಿ ತಲೆಯೆತ್ತಿದಳು. ಎದುರುತ್ತರ ಕೊಡುವ ಹುಡುಗಿಯಲ್ಲ ಅವಳು. ಆದರೆ ನೋವಿನಲ್ಲಿ ನಾಲಿಗೆಗೆ ಕಾವಲಿರುವುದಿಲ್ಲವಲ್ಲ.

"ರಜೆ ಹಾಕಿ ಎಲ್ಲಿ ಮಲಗುವುದು ಅತ್ತೆ?" ಎಂದಳು. "ಹಿಂದಿನ ಕೋಣೆಯಲ್ಲಾ? ಶಾಲೆಯಲ್ಲಾದ್ರೆ ತಲೆ ತಿರುಗಿದರೆ ಯಾರಾದ್ರೂ ಹಿಡ್ಕೊಳ್ತಾರೆ."

ಸ್ಕೂಟರ್ ಬಂತು. ತನ್ಮಯಿ ತಾನೇ ಗೇಟು ಹಿಡಿದು ಎದ್ದಳು. ಗಂಡನ ಹಿಂದೆ ಕೂತಳು, ಮನೆಯ ತಿರುವು ದಾಟುವವರೆಗೆ ಅವನ ಹೆಗಲು ಹಿಡಿಯಲಿಲ್ಲ. ಪಂಕಜಾಕ್ಷಿ ಸೊಂಟದ ಮೇಲಿಟ್ಟ ಕೈಯನ್ನು ತೆಗೆಯಲು ಮರೆತು ಅಲ್ಲೇ ನಿಂತಿದ್ದಳು.

ಹರಿದಾಸರು ಹತ್ತಿರದ ಒಂದು ಚಿಕ್ಕ ದೇವಸ್ಥಾನದ ಅರ್ಚಕರು. ಕೆಡುಕು ಅರಿಯದ ಮನಸ್ಸು, ಯಾರಿಗೂ ಒಂದು ಗಡಸು ಮಾತಾಡಿದವರಲ್ಲ. ಅಂಥ ಮನೆಯಲ್ಲಿ ತಿಂಗಳ ದಿನಗಳಿಗೆ ಒಂದು ಕಟ್ಟುಪಾಡು ಇದ್ದೇ ಇತ್ತು. ಅಡುಗೆಮನೆಯ ಹಿಂದೆ, ತೆಂಗಿನಕಾಯಿ ರಾಶಿ ಹಾಕುವ ಕೋಣೆಯಲ್ಲಿ ಚಾಪೆ, ಬೇರೆ ಬಟ್ಟಲು, ಬೇರೆ ಲೋಟ. ಮೂರು ದಿನ ಯಾರನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದವರೂ ಸ್ನಾನ ಮಾಡುವವರೆಗೆ ಹೊರಗೇ. ಕೊಡುವುದನ್ನು ಕೈಗೆ ಕೊಡುವುದಿಲ್ಲ, ನೆಲದ ಮೇಲಿಟ್ಟು ಸರಿಯುತ್ತಾರೆ. ತನ್ನ ಅತ್ತೆ ತೀರಿಕೊಂಡ ಮೇಲೂ ಪಂಕಜಾಕ್ಷಿ ಅದನ್ನು ಬಿಡಲಿಲ್ಲ. ಸೊಸೆ ಬರುವಾಗ ಆ ಕೋಣೆಗೆ ಸುಣ್ಣ ಬಳಿಸಿ, ಫ್ಯಾನ್ ಹಾಕಿಸಿ, ಹೊಸ ಚಾಪೆ ತಂದಿದ್ದಳು. ನನ್ನ ಕಾಲದಲ್ಲಿ ಫ್ಯಾನ್ ಇರಲಿಲ್ಲ ಎಂದು ಹೇಳಿಕೊಂಡು ಓಡಾಡಿದ್ದಳು ಬೇರೆ! ಲೋಕದಲ್ಲಿ ತನ್ನಷ್ಟು ಒಳ್ಳೆಯ ಅತ್ತೆ ಇಲ್ಲವೆಂದೇ ಪಾಪ ಅವಳು ತಿಳಿದಿದ್ದಳು.

ಆ ದಿನ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ "ಅಕ್ಕ, ಎಲ್ಲಿಗೆ?" ಎಂದು ಕೇಳಬೇಕಾಯಿತು. ಆಫೀಸಿಗೆ ಹೋಗಿ ಫೈಲು ಬಿಚ್ಚಿದರೆ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆದಾಗ ಡೈಸಿಗೆ ಎಲ್ಲವನ್ನೂ ಹೇಳಿದಳು.

ಡೈಸಿ ಕುಲಶೇಖರದವಳು. ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ವರ್ಷ, ಜಗಳ ಆಡಿ ಮಾತು ಬಿಟ್ಟದ್ದು ಎಷ್ಟೋ ಸಲ. ಎಲ್ಲ ಕೇಳಿ ಡೈಸಿ ಚಮಚ ಕೆಳಗಿಟ್ಟಳು.

"ನಿಂಗೆ ನೆನಪುಂಟಾ, ನೀನು ಮದುವೆಯಾದ ಹೊಸತು? ತಿಂಗಳ ಆ ದಿನ ಆಫೀಸಿಗೆ ಎಲ್ಲರಿಗಿಂತ ಮೊದಲು ಬರ್ತಿದ್ದದ್ದು ನೀನೇ. ರೆಕಾರ್ಡ್ ರೂಮಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಕೂತ್ಕೊಳ್ತಿದ್ದೆ. ನಾನು ಬೆನ್ನು ತಿಕ್ಕಬೇಕು. ಒಂದು ದಿನ ಎಂತ ಹೇಳಿದ್ದು ಗೊತ್ತುಂಟಾ? ಡೈಸಿ, ನಿನ್ನೆಯಿಂದ ನನ್ನನ್ನು ಒಂದು ಜನ ಮುಟ್ಟಿಲ್ಲ, ಅಂತ."

ಪಂಕಜಾಕ್ಷಿಗೆ ನೆನಪಿತ್ತು. ಇಷ್ಟು ವರ್ಷ ಅದನ್ನು ಒಳಗೆಲ್ಲೋ ಹಾಕಿ ಚಿಲಕ ಜಡಿದಿದ್ದಳು, ಅಷ್ಟೆ. ರಜೆಯ ದಿನ, ಭಾನುವಾರ, ಆ ದಿನಗಳು ಬಂದರೆ ಅವಳು ಅಳುತ್ತಿದ್ದಳು, ನೋವಿಗಲ್ಲ, ಆಫೀಸಿಲ್ಲವಲ್ಲ ಎಂದು. ಮಗು ಕೃಷ್ಣಕಿಶೋರ ಅಂಬೆಗಾಲಿಕ್ಕಿ ಹಿಂದಿನ ಕೋಣೆಗೆ ಬಂದರೆ ಅತ್ತೆ ಓಡಿ ಬಂದು ಎತ್ತಿಕೊಂಡು ಹೋಗುತ್ತಿದ್ದರು. "ಅಮ್ಮನಿಗೆ ಕಾಗೆ ಮುಟ್ಟಿದೆ" ಎನ್ನುತ್ತಿದ್ದರು. ಮಗು ಕೈಚಾಚಿ ಅಳುತ್ತಿತ್ತು. ಜಗಲಿಯಲ್ಲಿದ್ದ ಹರಿದಾಸರು ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಎಲ್ಲಾ ಗೊತ್ತಿದ್ದೂ ಸೊಸೆಗೆ ಅದೇ ಕೋಣೆ ಗುಡಿಸಿ ಕೊಟ್ಟೆನಲ್ಲ ನಾನು ಎಂದು ಪಂಕಜಾಕ್ಷಿ ಊಟದ ಡಬ್ಬಿ ಮುಚ್ಚಿದಳು.

"ಈಗ ಎಂತ ಮಾಡುದು ಡೈಸಿ?"

"ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಉಂಟಲ್ಲ? ಸರ್ಕಾರ ಕೊಟ್ಟಾಯ್ತು. ಇನ್ನು ಕೊಡಬೇಕಾದ್ದು ನಿಮ್ಮ ಭಟ್ರು."

"ಅವರ ಹತ್ತಿರ ಹೇಳುದು ಹೇಗೆ? ದೇವರ ಕೆಲಸದವರು."

"ಹೇಳ್ಬೇಡ" ಎಂದಳು ಡೈಸಿ. "ನೀನು ಯಾವಾಗ ಹೇಳಿ ಮಾಡಿದ್ದೀ? ಮೊದಲು ಮಾಡು."

ಮುಂದಿನ ತಿಂಗಳವರೆಗೆ ಪಂಕಜಾಕ್ಷಿ ಯಾರಲ್ಲೂ ಏನೂ ಹೇಳಲಿಲ್ಲ. ಅವಳ ಮಟ್ಟಿಗೆ ಅದೊಂದು ದೊಡ್ಡ ತಪಸ್ಸೇ.

ಆ ದಿನ ಬಂತು. ಹರಿದಾಸರು ಬೆಳಕು ಹರಿಯುವ ಮೊದಲೇ ದೇವಸ್ಥಾನಕ್ಕೆ ಹೋಗಿಯಾಗಿತ್ತು. ತನ್ಮಯಿ ಅಡುಗೆಮನೆಗೆ ಬರಲಿಲ್ಲ, ಹಿಂದಿನ ಕೋಣೆಯಲ್ಲಿ ದೀಪ ಉರಿಯಿತು. ಪಂಕಜಾಕ್ಷಿ ಹೋಗಿ ನೋಡಿದಳು. ಹುಡುಗಿ ಶಾಲೆಯ ಸೀರೆ ಉಟ್ಟು, ಚಾಪೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಾಳೆ. ಪಂಕಜಾಕ್ಷಿ ಸೀದಾ ಒಳಗೆ ಹೋಗಿ ಅವಳ ಕೈ ಹಿಡಿದಳು.

ತನ್ಮಯಿ ಬೆಚ್ಚಿಬಿದ್ದಳು. "ಅಯ್ಯೋ ಅತ್ತೆ, ಮುಟ್ಟಿದ್ರಿ!"

"ಮುಟ್ಟಿದೆ. ಎಂತ ಆಯ್ತು? ಆಕಾಶ ಕಳಚಿ ಬಿತ್ತಾ? ಏಳು. ಶಾಲೆಗೆ ಫೋನ್ ಮಾಡು. ಇವತ್ತು ನಿಂಗೆ ರಜೆ, ನಿನ್ನ ಕೋಣೆಯಲ್ಲಿ, ನಿನ್ನ ಮಂಚದಲ್ಲಿ. ನಾನೂ ಸಿ.ಎಲ್. ಹಾಕಿದ್ದೇನೆ."

"ಮಾವ?"

"ಮಾವನನ್ನು ನಾನು ನೋಡಿಕೊಳ್ತೇನೆ."

ತನ್ನ ಕೋಣೆಯ ಬಾಗಿಲಲ್ಲಿ ಹೆಂಡತಿಯನ್ನು ಕಂಡು ಕೃಷ್ಣಕಿಶೋರ್ ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿದ. ಅಮ್ಮನ ಮುಖ ನೋಡಿ, ದಿಂಬು ಸರಿಮಾಡಿ ಇಟ್ಟ. ಹೊರಡುವಾಗ ತನ್ಮಯಿಯ ಹಣೆ ಮುಟ್ಟಿ ನೋಡಿ ಹೋದ. ಜ್ವರವೇ ಇಲ್ಲದವಳ ಹಣೆಯನ್ನು ಅಷ್ಟು ಹೊತ್ತು ಎಂತ ನೋಡಿದನೋ!

ಪಂಕಜಾಕ್ಷಿ ಎಣ್ಣೆ ಬೆಚ್ಚಗೆ ಮಾಡಿ ತಂದು ಸೊಸೆಯ ಸೊಂಟಕ್ಕೆ ತಿಕ್ಕತೊಡಗಿದಳು, ಹಿಂದೊಮ್ಮೆ ಡೈಸಿ ತಿಕ್ಕಿದ ಹಾಗೆ, ಅಂಗೈ ಒತ್ತಿ, ನಿಧಾನ. ತನ್ಮಯಿ ದಿಂಬಿಗೆ ಮುಖವಿಟ್ಟು ಸ್ವಲ್ಪ ಹೊತ್ತು ಅತ್ತಳು. "ಅಳು ಮಗಾ, ಅಳು" ಎಂದಳು ಪಂಕಜಾಕ್ಷಿ. "ನನ್ನದೇ ತಪ್ಪು. ಫ್ಯಾನ್ ಹಾಕಿಸಿದರೆ ಆಯ್ತು ಅಂತ ತಿಳ್ಕೊಂಡಿದ್ದೆ." ಅಳುತ್ತಿದ್ದವಳಿಗೆ ನಗುವೂ ಬಂತು. ಅದರ ಬೆನ್ನಿಗೇ ನಿದ್ದೆಯೂ ಬಂತು.

ಮಧ್ಯಾಹ್ನದ ಪೂಜೆ ಮುಗಿಸಿ ಹರಿದಾಸರು ಮನೆಗೆ ಬಂದರು. ಕಾಲು ತೊಳೆದರು. ಬಾಳೆಲೆ ಹಾಕಿರಲಿಲ್ಲ, ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು. "ಪಂಕಜಾ?" ಎಂದು ಕರೆದರು.

"ಇಲ್ಲಿದ್ದೇನೆ, ತನ್ಮಯಿಯ ಹತ್ತಿರ" ಎಂದು ಮಗನ ಕೋಣೆಯಿಂದಲೇ ಹೇಳಿದಳು. "ಅವಳಿಗೆ ಆಗುದಿಲ್ಲ. ನಾನು ಬೆನ್ನು ತಿಕ್ತಾ ಇದ್ದೇನೆ. ಬೆಳಿಗ್ಗೆಯಿಂದ ಮುಟ್ಟಿಕೊಂಡೇ ಇದ್ದೇನೆ ಇವರೇ, ಹಾಗಾಗಿ ಒಲೆಯ ಹತ್ತಿರ ಬರ್ಲಿಲ್ಲ. ಇನ್ನು ಆ ಹಿಂದಿನ ಕೋಣೆಗೆ ಅವಳನ್ನು ನಾನು ಕಳಿಸುದಿಲ್ಲ. ನಿಮಗೆ ಮಡಿಗೆ ತೊಂದರೆ ಅಂತಾದ್ರೆ ಆ ಮೂರು ದಿನ ನಾನೂ ಹೊರಗೇ ಇರ್ತೇನೆ."

ತನ್ಮಯಿ ಎಚ್ಚೆತ್ತು ಅತ್ತೆಯ ಸೆರಗು ಹಿಡಿದುಕೊಂಡಳು. ಈಗ ಎದ್ದು ಹೋಗಲೇ ಎಂದು ಕಣ್ಣಲ್ಲೇ ಕೇಳಿದಳು. ಪಂಕಜಾಕ್ಷಿ ಬೇಡವೆಂದು ತಲೆಯಾಡಿಸಿದಳು. ಹರಿದಾಸರ ಹೆಜ್ಜೆ ಜಗಲಿಯವರೆಗೆ ಹೋಯಿತು, ನಿಂತಿತು. ಹಿಂದಿನ ಹಾಗೆ ಅಂಗಳಕ್ಕಿಳಿದು ಹೋಗುತ್ತಾರೆ ಎಂದುಕೊಂಡಳು ಪಂಕಜಾಕ್ಷಿ.

ಹೆಜ್ಜೆ ತಿರುಗಿ ಬಂತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಅಕ್ಕಿ ತೊಳೆಯುವ ಸದ್ದು, ತೆಂಗಿನಕಾಯಿ ತುರಿಯುವ ಸದ್ದು. ದಿನಾ ದೇವರಿಗೆ ನೈವೇದ್ಯ ಬೇಯಿಸುವ ಮನುಷ್ಯ, ಅಡುಗೆ ಬಾರದೇ ಏನು? ಮನೆಯಲ್ಲಿ ಒಲೆ ಹಚ್ಚಿದ್ದು ಮಾತ್ರ ಇದೇ ಮೊದಲು. ಸ್ವಲ್ಪ ಹೊತ್ತಿಗೆ ಮೆಂತೆ ಗಂಜಿಯ ಪರಿಮಳ ಕೋಣೆಯವರೆಗೆ ಬಂತು.

ಹರಿದಾಸರು ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಎಂದಿನಂತೆ ಹೊಸ್ತಿಲ ಹತ್ತಿರ ನೆಲದ ಮೇಲಿಡಲು ಬಗ್ಗಿದರು. ಮಾವ ಬಗ್ಗಿದ್ದನ್ನು ಕಂಡು ತನ್ಮಯಿ ತಾನೇ ಹೋಗಿ ತೆಗೆದುಕೊಳ್ಳಲು ಎದ್ದಳು. ಎರಡು ಹೆಜ್ಜೆಗೆ ತಲೆ ತಿರುಗಿ ಮಂಚದ ಕಂಬ ಹಿಡಿದಳು.

ಹರಿದಾಸರು ಬಗ್ಗಿದವರು ಹಾಗೇ ನೆಟ್ಟಗಾದರು. ಹೊಸ್ತಿಲು ದಾಟಿ ಬಂದರು. "ಏಳ್ಬೇಡ ಮಗಾ, ಕೂತ್ಕೋ" ಎಂದು ಸೊಸೆಯ ಕೈ ಹಿಡಿದು ಕೂರಿಸಿ, ಬಟ್ಟಲನ್ನು ಅವಳ ಎರಡೂ ಕೈಗೆ ಕೊಟ್ಟರು. "ಬಿಸಿ ಉಂಟು, ನೋಡಿ ಕುಡಿ."

ಪಂಕಜಾಕ್ಷಿ ಮಿಕಮಿಕ ನೋಡಿದಳು. ಹೆಂಡತಿಯ ನೋಟಕ್ಕೆ ಸಮಜಾಯಿಷಿ ಕೊಡುವವರಂತೆ ಅವರು ಹೇಳಿದರು: "ಸಂಜೆ ಪೂಜೆಗೆ ಮೊದಲು ಹೇಗೂ ಸ್ನಾನ ಮಾಡ್ಲಿಕ್ಕುಂಟಲ್ಲ."

ಸಂತೋಷ ಪಡಬೇಕಾದ ಹೊತ್ತು. ಆದರೆ ಪಂಕಜಾಕ್ಷಿಗೆ ಹಳೆಯದೆಲ್ಲ ನೆನಪಾಯಿತು. ತಡೆದುಕೊಳ್ಳುವುದು ಅವಳ ಜಾಯಮಾನವೂ ಅಲ್ಲ.

"ಆ ಸ್ನಾನ ನನ್ನ ಕಾಲದಲ್ಲೂ ಇತ್ತಲ್ಲ ಇವರೇ?"

ಅಮ್ಮ ಇದ್ದರು ಎಂದು ಹರಿದಾಸರು ಹೇಳಬಹುದಿತ್ತು, ಹಿಂದಿನಿಂದ ಬಂದದ್ದು ಎನ್ನಬಹುದಿತ್ತು. ಅವರು ತಿರುಗಿ ಹೊರಗೆ ಹೋದರು. ಛೆ, ಕೇಳಬಾರದಿತ್ತು ಎಂದು ಪಂಕಜಾಕ್ಷಿ ಸೆರಗಿನಿಂದ ಕಣ್ಣೊರಸಿಕೊಳ್ಳುವಷ್ಟರಲ್ಲಿ ಅವರು ಮತ್ತೆ ಬಂದರು. ಕೈಯಲ್ಲಿ ಇನ್ನೊಂದು ಬಟ್ಟಲು. ಅದನ್ನು ನೆಲದ ಮೇಲಿಡಲಿಲ್ಲ. ಅವಳ ಪಕ್ಕ ಮಂಚದಲ್ಲಿ ಕೂತು, ಅವಳ ಕೈ ತೆಗೆದು, ಅದರಲ್ಲಿ ಬಟ್ಟಲನ್ನಿಟ್ಟು, ಮೇಲಿಂದ ತನ್ನ ಕೈಯನ್ನೂ ಹಾಗೇ ಇಟ್ಟುಕೊಂಡರು.

"ಇತ್ತು" ಎಂದರು. "ಇತ್ತು ಪಂಕಜಾ."

ಪಂಕಜಾಕ್ಷಿ ಗಂಜಿ ಕುಡಿದಳು. ಉಪ್ಪು ಹಾಕಿರಲಿಲ್ಲ. ನೈವೇದ್ಯಕ್ಕೆ ಉಪ್ಪು ಹಾಕುವ ಪದ್ಧತಿಯಿಲ್ಲ, ಅಷ್ಟು ವರ್ಷದ ಕೈಯ ಅಭ್ಯಾಸ. ಬೇರೆ ದಿನವಾಗಿದ್ದರೆ ಇಡೀ ದೇರೆಬೈಲಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ತನ್ಮಯಿಯೂ ಬಾಯಿಬಿಡಲಿಲ್ಲ.

"ಹೇಗುಂಟು?" ಎಂದು ಕೇಳಿದರು ಹರಿದಾಸರು.

"ಒಳ್ಳೆದುಂಟು" ಎಂದು ಇಬ್ಬರು ಹೆಂಗಸರೂ ಒಟ್ಟಿಗೆ ಹೇಳಿದರು.