ಬಾಣಂತಿ ಕೋಣೆಯ ಕೆಂಡ

ಭದ್ರಾವತಿಯ ನ್ಯೂ ಟೌನಿನವರಿಗೆ ಚಳಿಗಾಲವೆಂದರೆ ಒಂದು ಸ್ವೆಟರಿನ ಮಾತಾಗಿತ್ತು. ಈಗ ಹಾಗಿಲ್ಲ. ಮಳೆ ನಿಲ್ಲುವ ಕಾಲಕ್ಕೆ ನಿಲ್ಲುವುದಿಲ್ಲ, ನಿಂತರೆ ಮಾರನೆಯ ದಿನವೇ ಚಳಿ ಮೂಳೆಗಿಳಿಯುತ್ತದೆ. ಕಳೆದ ವರ್ಷ ನಾನು ಹೆರಿಗೆಗೆಂದು ತವರಿಗೆ ಬರುವ ಹೊತ್ತಿಗೆ ನಮ್ಮ ಬೀದಿಯ ಇಬ್ಬರು ಮುದುಕರನ್ನು ಆ ಚಳಿ ಒಯ್ದಿತ್ತು. ಹಾಗಾಗಿ ನನ್ನ ಹಸುಗೂಸನ್ನು ಕಾಪಾಡುವ ಹೊಣೆಯನ್ನು ಇಡೀ ಬೀದಿ ತಲೆಯ ಮೇಲೆ ಹೊತ್ತುಕೊಂಡಿತು. ನನ್ನನ್ನು ಯಾರೂ ಕೇಳಲಿಲ್ಲ.

ಒಬ್ಬರು ಕಂಬಳಿ ತಂದರು. ಇನ್ನೊಬ್ಬರು ಕಿಟಕಿಯ ಸಂದಿಗಳಿಗೆಲ್ಲ ಹಳೇ ಬಟ್ಟೆ ತುರುಕಿದರು. ಎದುರುಮನೆಯ ತಮಿಳಿನ ಅಕ್ಕ ತಮ್ಮ ಇಸ್ತ್ರಿ ಅಂಗಡಿಯ ಇದ್ದಿಲು ಕೊಟ್ಟರು. ಅಮ್ಮ ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿ ಮಂಚದಡಿ ಇಟ್ಟಳು. ಬಾಣಂತಿಗೆ ಕೆಂಡದ ಕಾವು ಕೊಡುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಅಜ್ಜಿಯ ಹೆಂಚಿನ ಮನೆಯಲ್ಲಿ ಗಾಳಿಗೆ ನೂರು ದಾರಿಗಳಿದ್ದವು. ಈ ತಾರಸಿ ಕೋಣೆಯಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

"ಉಸಿರು ಕಟ್ಟುತ್ತೆ, ಸ್ವಲ್ಪ ಕಿಟಕಿ ತೆಗಿಯಮ್ಮ" ಎಂದೆ.

"ಹೊಗೆ ಎಲ್ಲಿದೆ ತೋರ್ಸು? ಸುಮ್ನೆ ಮಲ್ಕೊ" ಎಂದು ಕದ ಎಳೆದುಕೊಂಡು ಹೋದಳು.

ಹೊಗೆ ಇರಲಿಲ್ಲ, ನಿಜ. ಮೊದಲು ತಲೆ ಸಿಡಿಯತೊಡಗಿತು, ಆಮೇಲೆ ಹಿತವಾದ ಮಂಪರು ಹತ್ತಿತು. ಮಗಳಿಗೆ ಹಾಲಿನ ಹೊತ್ತು ಮೀರಿದೆ, ಅವಳೇಕೆ ಅಳುತ್ತಿಲ್ಲ ಎಂದು ಹೊಳೆದಾಗ ಜೀವ ಬಾಯಿಗೆ ಬಂತು. ಕೈ ಚಾಚಲು ನೋಡಿದರೆ ಕೈ ಏಳಲಿಲ್ಲ. ಕೂಗಿದರೆ ದನಿ ಹೊರಡಲಿಲ್ಲ. ಗೇಣು ದೂರದಲ್ಲಿ ಮಲಗಿದ್ದ ಕೂಸು ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯದೆ ಅದರ ಮುಖವನ್ನೇ ನೋಡುತ್ತಿದ್ದೆ. ಹೆರಿಗೆಯಲ್ಲೂ ನಾನು ಅಷ್ಟು ಹೆದರಿರಲಿಲ್ಲ. ಕಾಲ ಬಳಿಯಿದ್ದ ಚೊಂಬನ್ನು ಹೇಗೋ ಒದ್ದೆ.

ಸದ್ದಿಗೆ ಅಮ್ಮ ಬಂದಳು. ಅವಳ ಕೂಗಿಗೆ ಓಡಿಬಂದ ಎದುರುಮನೆಯ ಅಕ್ಕ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ, ಯಾವ ಚಳಿಗೆ ಹೆದರಿ ಎಲ್ಲ ಮುಚ್ಚಿದ್ದರೋ ಅದೇ ಚಳಿಗೆ, ಓಡಿದರು. ಅಂಗಾಲು ಉಜ್ಜಿದರು, ಚಿವುಟಿದರು. ಎಷ್ಟೋ ಹೊತ್ತಿನ ಮೇಲೆ ಅದು ಸಣ್ಣಗೆ ಅತ್ತಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಾಕಿದರು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಣ್ಣಿಗೆ ಕಾಣದ ವಿಷಗಾಳಿ ಏಳುತ್ತದೆ, ಇನ್ನು ಕೆಂಡ ಬೇಡ, ಮಗುವನ್ನು ಎದೆಗೆ ಅಪ್ಪಿಕೊಳ್ಳಿ ಎಂದರು ಡಾಕ್ಟರು. ಉಳಿದ ಚಳಿಗಾಲವೆಲ್ಲ ಬೀದಿಯ ಹೆಂಗಸರು ಸರದಿಯಲ್ಲಿ ಬಂದು ಅವಳನ್ನು ಸೆರಗಿನೊಳಗೆ ಅವಚಿಕೊಂಡು ಕೂತರು. ಅಮ್ಮ ಮಾತ್ರ ಅವಳನ್ನು ಮುಟ್ಟಲು ಹೆದರುತ್ತಿದ್ದಳು.

"ಮಗು ನಿದ್ದೆ ಮಾಡ್ತಿದೆ, ನೀನೂ ಮಲ್ಕೊ ಮಾರಾಯ್ತಿ" ಎಂದು ಯಾರಾದರೂ ಹೇಳಿದರೆ ಸಾಕು, ಎದ್ದು ಹೋಗಿ ಅಂಗಾಲು ಚಿವುಟಿ ಅಳಿಸುತ್ತಿದ್ದೆ.

ಚಳಿ ಮತ್ತೆ ಬಂದಿದೆ. ಮಗಳು ಈಗ ಓಡಾಡುತ್ತಾಳೆ. ಮಲಗಿದ್ದಾಗ ನಾನು ಹತ್ತಿರ ಹೋದರೆ, ನಿದ್ದೆಯಲ್ಲೇ ಕಾಲುಗಳನ್ನು ಒಳಗೆಳೆದುಕೊಳ್ಳುತ್ತಾಳೆ.