ಮುಂಬಯಿಯಲ್ಲಿ ಇಬ್ಬರಿಗೆ ಸಿಕ್ಕ ಮನೆ

ಮುಂಬಯಿಗೆ ಬಂದ ಮೊದಲ ಭಾನುವಾರ ನನ್ನ ಗಂಡ ನನ್ನನ್ನು ನೋಡೋಕೆ ಬಂದ. ನಾನಿದ್ದ ಹೆಂಗಸರ ಪೀಜಿಯ ಗೇಟಿನ ಹತ್ತಿರ ಒಂದು ದಪ್ಪ ರಿಜಿಸ್ಟರ್. ಬಂದವರ ಹೆಸರು, ಬಂದ ಹೊತ್ತು, ಏನಾಗಬೇಕು ಅಂತ ಮೂರು ಕಾಲಂ. ತಿಪ್ಪೇಶ ಮೂರನೆಯದರಲ್ಲಿ ‘ಗಂಡ’ ಅಂತ ಬರೆದ. ವಾರ್ಡನ್ ಹೆಂಗಸು ಓದಿ ನಕ್ಕುಬಿಟ್ಟಳು. “ಬರೋ ಗಂಡಸರೆಲ್ಲ ಅಣ್ಣ ಅಂತ ಬರೀತಾರೆ, ನೀನೊಬ್ಬ ಧೈರ್ಯವಂತ” ಅಂತ ಹಿಂದಿಯಲ್ಲಿ ಅಂದು, ಒಳಗೆ ಬಿಡೋ ಹಾಗಿಲ್ಲ, ಹೊರಗೇ ಮಾತಾಡಿಕೊಳ್ಳಿ ಅಂದಳು. ತಾಳಿ ಕಟ್ಟಿಸಿಕೊಂಡ ನಾನು, ಕಟ್ಟಿದ ಅವನು, ರಸ್ತೆ ಬದಿಯ ವಡಾ ಪಾವ್ ಗಾಡಿ ಪಕ್ಕ ನಿಂತುಕೊಂಡು ಒಂದು ಗಂಟೆ ಮಾತಾಡಿ, ಅವನು ಅವನ ಪೀಜಿಗೆ ಹೋದ, ನಾನು ನನ್ನ ಪೀಜಿಗೆ ಬಂದೆ.

ಹೀಗೆ ಒಂದೂಕಾಲು ವರ್ಷ ಕಳೆದೆವು. ಒಂದೇ ಊರು, ಒಬ್ಬನೇ ಗಂಡ, ಎರಡು ಪೀಜಿ. ಊರಲ್ಲಿ ಕೂತು ಓದೋರಿಗೆ ಇದು ನಗೆಪಾಟಲು ಅನ್ನಿಸಬಹುದು. ನಗ್ರಿ, ನನಗೂ ಒಂದು ಕಾಲಕ್ಕೆ ನಗು ಬರ್ತಿತ್ತು.

ನನ್ನ ತವರು ಹೊಸದುರ್ಗ ತಾಲ್ಲೂಕು, ಬಾಗೂರಿನ ಹತ್ತಿರ. ತಿಪ್ಪೇಶನದು ಹಿರಿಯೂರಿನ ಕಡೆ. ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನಿಷಿಯನ್, ಅವನು ಏಸಿ ರಿಪೇರಿ ಮಾಡ್ತಾನೆ. ಸಮುದ್ರ ಇರೋ ಊರುಗಳಲ್ಲಿ ಸೆಖೆ ಜಾಸ್ತಿ, ಏಸಿ ಜಾಸ್ತಿ, ಅವನಿಗೆ ಕೆಲಸ ಜಾಸ್ತಿ. ಹಾಗಾಗಿ ನಮ್ಮ ಸಂಸಾರ ಅಲೆ ಇದ್ದ ಕಡೆಗೇ ತೇಲಿಕೊಂಡು ಹೋಯಿತು.

ಮೊದಲು ಮಂಗಳೂರು. ಒಂದು ಬೆಡ್‌ರೂಮಿನ ಮನೆಗೆ ಹನ್ನೊಂದು ಸಾವಿರ. ಮನೆಯೊಡತಿ ಮೊದಲು ಕೇಳಿದ್ದು ಸಂಬಳ ಎಷ್ಟು ಅಂತ ಅಲ್ಲ, ಮಾಂಸ ಮಾಡ್ತೀರಾ ಅಂತ. ಕುರಿ ಕಾಯೋರ ಮಗಳಿಗೆ ಎಂಥ ಪ್ರಶ್ನೆ! ಮಾಡಲ್ಲ ಅಂತ ಸುಳ್ಳು ಹೇಳಿ ಸೇರಿಕೊಂಡೆವು, ಎಂಟು ತಿಂಗಳು ಕಿಟಕಿ ಮುಚ್ಚಿಕೊಂಡು ಸಾರು ಕಾಯಿಸಿದೆ. ಆಮೇಲೆ ಅದೇ ಮನೆಯಲ್ಲಿ ಆರು ಮಂಚ ಹಾಕಿ ಕಾಲೇಜು ಹುಡುಗರಿಗೆ ಮಂಚದ ಲೆಕ್ಕದಲ್ಲಿ ಕೊಡ್ತೀವಿ ಅಂತ ಬಿಡಿಸಿದರು. ಅಲ್ಲಿಂದ ಗೋವಾ. ಜೂನ್ ತಿಂಗಳಲ್ಲಿ ಹೋದಾಗ ಮಾಲೀಕ ಎಷ್ಟು ಮರ್ಯಾದೆ ಕೊಟ್ಟ ಅಂದರೆ, ಚಾ ಕುಡಿಸಿ ಹನ್ನೆರಡು ಸಾವಿರಕ್ಕೆ ಬೀಗ ಕೈಗೆ ಕೊಟ್ಟ. ಅಕ್ಟೋಬರ್ ಬಂತು, ‘ಸೀಸನ್’ ಅಂದ. ಪ್ರವಾಸಿಗರು ದಿನದ ಬಾಡಿಗೆ ಕೊಡುವ ಕಾಲ ಅದು. ನಾವು ತಿಂಗಳಿಗೆ ಕೊಡೋದನ್ನ ಅವರು ಐದು ದಿನಕ್ಕೆ ಕೊಡ್ತಾರೆ. ನಾವು ಮಳೆಗಾಲದ ಗಿರಾಕಿಗಳು ಅಂತ ಗೊತ್ತಾಗೋ ಹೊತ್ತಿಗೆ ಪಾತ್ರೆ ಪಗಡಿ ಮೂಟೆ ಕಟ್ಟಿಯಾಗಿತ್ತು.

ಮುಂಬಯಿ ಇವೆರಡಕ್ಕೂ ದೊಡ್ಡಪ್ಪ. ಇಲ್ಲಿ ‘ಒನ್ ಆರ್‌ಕೆ’ ಅಂತ ಒಂದು ಇದೆ. ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ, ಮಲಗಿದರೆ ಕಾಲು ಸಿಲಿಂಡರಿಗೆ ತಾಗುತ್ತೆ. ಅದಕ್ಕೆ ತಿಂಗಳಿಗೆ ಇಪ್ಪತ್ತು ಸಾವಿರ, ಡಿಪಾಸಿಟ್ ಒಂದು ಲಕ್ಷ, ದಲಾಲಿಗೆ ಒಂದು ತಿಂಗಳ ಬಾಡಿಗೆ. ಬಾಡಿಗೆ ಕರಾರಿನ ಕಾಗದ ಹನ್ನೊಂದು ತಿಂಗಳಿಗೆ ಮಾತ್ರ, ಆಮೇಲೆ ಬಾಡಿಗೆ ಏರಿಸ್ತಾರೆ ಇಲ್ಲಾ ಬಿಡಿಸ್ತಾರೆ. ಇಷ್ಟಾದ ಮೇಲೆ ‘ಸೊಸೈಟಿ’ ಅಂತ ಕಟ್ಟಡದ ಪಂಚಾಯ್ತಿ ಒಂದಿರುತ್ತೆ, ಅದೂ ಒಪ್ಪಬೇಕು. ನಮ್ಮಿಬ್ಬರ ಸಂಬಳ ಸೇರಿಸಿದರೆ ನಲವತ್ತೆಂಟು ಸಾವಿರ, ಅದರಲ್ಲಿ ಅವನ ಅಮ್ಮನ ಔಷಧಿಗೆ ಒಂದಿಷ್ಟು. ಲಕ್ಷ ಎಲ್ಲಿಂದ ತರೋಣ?

ಹೊಸದುರ್ಗದಲ್ಲಿ ಇವತ್ತಿಗೂ ನಾಲ್ಕೂವರೆ ಸಾವಿರಕ್ಕೆ ಎರಡು ರೂಮಿನ ಮನೆ, ಹಿತ್ತಲು, ಹಿತ್ತಲಲ್ಲಿ ನುಗ್ಗೆ ಮರ ಸಿಗುತ್ತೆ. ಹಾಗಾದರೆ ಬಂದು ಇರೋಕೇನು ಧಾಡಿ ಅಂತ ಚಿಕ್ಕಮ್ಮ ಕೇಳಿದಳು. ಅಲ್ಲಿನ ಲ್ಯಾಬಿನವರು ನನಗೆ ಕೊಡ್ತೀವಿ ಅಂದದ್ದು ಎಂಟು ಸಾವಿರ. ತಿಪ್ಪೇಶನಿಗೆ ಬೇಸಿಗೆ ಮೂರು ತಿಂಗಳು ಕೆಲಸ, ಮಿಕ್ಕಿದ್ದು ಬಿಡುವು. ಮನೆ ಇರೋ ಕಡೆ ಕೂಲಿ ಇಲ್ಲ, ಕೂಲಿ ಇರೋ ಕಡೆ ಮನೆ ಇಲ್ಲ. ಇಷ್ಟೇ ಚಿಕ್ಕಮ್ಮ ಅಂದೆ.

ನಿಜ ಹೇಳಬೇಕು ಅಂದರೆ, ಇರೋ ಜಾಗಕ್ಕೆ ದುಡ್ಡು ಕೊಡೋದು ಅನ್ನೋದೇ ನನ್ನ ತಲೆಗೆ ಹೋಗೋಕೆ ವರ್ಷಗಳು ಬೇಕಾದವು. ನಮ್ಮದು ಕುರಿ ಮಂದೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಕುರಿ ಹೊಡಕೊಂಡು ಊರೂರು ಹೋಗ್ತಾರೆ. ಹೊಲದವರು ದಾರಿಗೆ ಅಡ್ಡ ಬಂದು, “ನಮ್ಮ ಹೊಲದಾಗೆ ನಾಕು ದಿನ ಮಂದೆ ನಿಲ್ಸಪ್ಪ” ಅಂತ ಕರೀತಾರೆ. ಕುರಿ ಹಿಕ್ಕೆ ಬಿದ್ದರೆ ಹೊಲಕ್ಕೆ ಗೊಬ್ಬರ. ಅದಕ್ಕೆ ಅವರೇ ನಮಗೆ ದುಡ್ಡು ಕೊಡ್ತಾರೆ, ರಾಗಿ ಕೊಡ್ತಾರೆ, ಮಜ್ಜಿಗೆ ಕಳಿಸ್ತಾರೆ. ನಾನು ಹುಟ್ಟಿದ್ದೂ ಶಿಕಾರಿಪುರದ ಕಡೆ ಹಾಗೆ ಯಾರದೋ ಹೊಲದಲ್ಲಿ. ಬಸುರಿ ಬಂದು ಇಳಿದ ಹೊಲ ಹುಲುಸಾಗುತ್ತೆ ಅಂತ ಆ ಹೊಲದ ಯಜಮಾನ ಹನ್ನೊಂದು ದಿನ ನಮ್ಮನ್ನು ಅಲ್ಲಾಡಗೊಡಲಿಲ್ಲವಂತೆ. ಅವನ ಹೆಂಡತಿ ಬಿಸಿನೀರು ಹೊತ್ತು ತಂದು ಅವ್ವನಿಗೆ ಎರೆದಳಂತೆ. ಅಪ್ಪ ಈಗಲೂ ಆ ಹೊಲದ ಮಾತು ಬಂದರೆ ಮುಖ ಅರಳಿಸಿಕೊಂಡು ಹೇಳ್ತಾನೆ.

ಹೋದ ವರ್ಷ ಮೇ ತಿಂಗಳಲ್ಲಿ ತಂಗಿ ಮದುವೆಗೆ ಊರಿಗೆ ಬಂದೆವು. ಎಂಟು ದಿನ ಒಂದೇ ಸೂರಿನ ಕೆಳಗಿದ್ದೆವು. ನೀವೇನು ಬೆರಳು ಮಡಚಿ ಎಣಿಸಬೇಡಿ, ನಾನೇ ಹೇಳ್ತೀನಿ, ಜುಲೈ ಹೊತ್ತಿಗೆ ನಾನು ಬಸುರಿ ಅಂತ ಗೊತ್ತಾಯಿತು. ನನ್ನ ಲ್ಯಾಬಿನಲ್ಲೇ, ನನ್ನ ಕೈಯಾರೆ ಪರೀಕ್ಷೆ ಮಾಡಿಕೊಂಡೆ. ಖುಷಿ ಆಗಬೇಕಿತ್ತು, ಮೊದಲು ನೆನಪಾದದ್ದು ನನ್ನ ಮಂಚ. ನನ್ನ ಪೀಜಿಯಲ್ಲಿ ನಾಲ್ಕು ಜನಕ್ಕೆ ಒಂದು ಕೋಣೆ, ನನಗೆ ಮೇಲಿನ ಬಂಕು. ಏಣಿ ಹತ್ತಿ ಮಲಗಬೇಕು. ಹೊಟ್ಟೆ ಕಂಡ ದಿನ ವಾರ್ಡನ್ ಹೊರಗೆ ಕಳಿಸ್ತಾಳೆ. ಅಷ್ಟರೊಳಗೆ ಒಂದು ಮನೆ ಆಗಲೇಬೇಕು. ಮಗು ಹುಟ್ಟೋ ಹೊತ್ತಿಗೆ ನಾವು ಮೂವರೂ ಒಂದು ಕಡೆ ಇರಬೇಕು. ದೇವರೇ, ಇನ್ನೇನೂ ಕೇಳಲ್ಲ, ಬಾಗಿಲು ಹಾಕಿಕೊಳ್ಳೋ ಒಂದು ಕೋಣೆ ಕೊಡು ಅಂತ ಲೋಕಲ್ ಟ್ರೈನಿನಲ್ಲಿ ಕಂಬಿ ಹಿಡಕೊಂಡು ಬೇಡಿಕೊಳ್ತಿದ್ದೆ.

ಶರಣಪ್ಪ ಅಂತ ಕಲಬುರಗಿ ಕಡೆಯ ದಲಾಲಿ ಸಿಕ್ಕ. ಕನ್ನಡ ಕೇಳಿಯೇ ನನಗೆ ಅರ್ಧ ಮನೆ ಸಿಕ್ಕಷ್ಟು ಸಮಾಧಾನ ಆಯಿತು. ಮೂರು ತಿಂಗಳಲ್ಲಿ ಹತ್ತೊಂಬತ್ತು ಮನೆ ತೋರಿಸಿದ. ಒಂದು ಕಡೆ ಬಾಡಿಗೆ ಜಾಸ್ತಿ, ಒಂದು ಕಡೆ ಜಾತಿ ಕೇಳಿದರು, ಒಂದು ಕಡೆ ಮದುವೆ ಸರ್ಟಿಫಿಕೇಟ್ ಕೇಳಿದರು, ಅದು ಊರಲ್ಲಿತ್ತು. ಕೊನೆಗೆ ಮಲಾಡಿನಲ್ಲಿ ಹದಿನೇಳು ಸಾವಿರಕ್ಕೆ ಒಂದು ಕೋಣೆ. ಬಿಸಿಲು ಬೀಳುವ ಕಿಟಕಿ ಇತ್ತು. ನಾನು ಅಲ್ಲಿ ನಿಂತು ಮನಸ್ಸಿನಲ್ಲೇ ತೊಟ್ಟಿಲು ಕಟ್ಟೋಕೆ ಕೊಂಡಿ ಹುಡುಕಿದೆ. ಆದರೆ ಮನೆಯ ಮಾಲಕಿ ಮಕ್ಕಳಿರೋರಿಗೆ ಕೊಡೋದಿಲ್ಲವಂತೆ. ಕೂಸು ಇರೋರನ್ನ ಬಿಡಿಸೋದು ಕಷ್ಟ ಅಂತ. “ಅಕ್ಕಾರ, ಹೊಟ್ಟಿ ಕಾಣಬಾರದು ನೋಡ್ರಿ. ಸಡಿಲ ಅಂಗಿ ಹಾಕ್ಕೊಂಡು ಬರ್ರಿ. ಒಮ್ಮೆ ಕಾಗದ ಆತಂದ್ರ ಮುಂದಿನದು ದೇವರ ನೋಡ್ಕೊಂತಾನ” ಅಂದ ಶರಣಪ್ಪ. ನಾನು ಎರಡು ಸೈಜು ದೊಡ್ಡ ಕುರ್ತಾ ತಗೊಂಡೆ.

ಡಿಪಾಸಿಟ್ಟಿಗೆ ಅಪ್ಪನನ್ನು ಕೇಳಿದೆ. ಅಪ್ಪ ಒಂದು ಮಾತೂ ಕೇಳದೆ ಏಳು ಟಗರು ಮಾರಿದ. “ದುಡ್ಡು ಫೋನಿನಾಗೆ ಕಳ್ಸಲ್ಲ ಕಣವ್ವ, ನಾನೇ ತತ್ತೀನಿ. ಮಗ್ಳು ಬಾಳೋ ಮನೆ ನೋಡ್ಬೇಕು” ಅಂದ. ದೀಪಾವಳಿ ಮುಗಿದ ವಾರ ಚಿತ್ರದುರ್ಗದಲ್ಲಿ ಬಸ್ಸು ಹತ್ತಿ ಬಂದೇಬಿಟ್ಟ. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಇನ್ನೊಂದು ಹೊಸ ಕಂಬಳಿ ಚೀಲದಲ್ಲಿ, ಮನೆ ಅಮ್ಮಾರಿಗೆ ಅಂತ. ಅಪ್ಪನಿಗೆ ನಾನು ಎಲ್ಲ ಹೇಳಿದ್ದೆ. ಬಾಡಿಗೆ ಹೇಳಿದ್ದೆ, ಕಾಗದ ಹೇಳಿದ್ದೆ. ಹೊಟ್ಟೆ ಮುಚ್ಚಿಟ್ಟು ಮನೆ ಹಿಡೀತಿದ್ದೀನಿ ಅನ್ನೋದೊಂದನ್ನ ಹೇಳಿರಲಿಲ್ಲ. ಅಪ್ಪನ ಮುಂದೆ ಹಾಗೆ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯಿತು. ಆ ನಾಚಿಕೆಗೆ ಬೆಂಕಿ ಬೀಳ.

ಮಾಲಕಿ ಒಳ್ಳೆಯವಳೇ. ಕಂಬಳಿ ಮುಟ್ಟಿ ನೋಡಿ ಖುಷಿಪಟ್ಟಳು, ಅಪ್ಪನಿಗೆ ಕುರ್ಚಿ ಕೊಟ್ಟಳು. ಕಾಗದ ಮೇಜಿನ ಮೇಲಿತ್ತು. ಸಹಿಗೆ ಮುಂಚೆ ಮಾತಿಗೆ ಅಂತ ಎಷ್ಟು ಜನ ಇರ್ತೀರಿ ಅಂದಳು. ಶರಣಪ್ಪ ಅಪ್ಪನಿಗೆ ಅದನ್ನ ಕನ್ನಡದಲ್ಲಿ ಹೇಳಿದ. ಅಪ್ಪನಿಗೆ ನಮ್ಮ ಗುಟ್ಟು ಹೇಳಿಲ್ಲ ಅಂತ ಅವನಿಗೇನು ಗೊತ್ತು ಪಾಪ, ಹಿರಿಯರಿಗೆ ಮರ್ಯಾದೆ ಅಂತ ಹೇಳಿದ.

ಅಪ್ಪ ಕುರ್ಚಿ ಬಿಟ್ಟು ಎದ್ದ. ಮುಖ ಅರಳಿತ್ತು. “ಈಗ ಇಬ್ರು ತಾಯಿ. ಶಿವರಾತ್ರಿಗೆ ಮೂರು” ಅಂದ. ಮೂರು ಬೆರಳು ಎತ್ತಿ ತೋರಿಸಿ, ತನ್ನ ಹೊಟ್ಟೆಯ ಮುಂದೆ ಎರಡೂ ಕೈ ದುಂಡಗೆ ಮಾಡಿ, ನನ್ನ ಕಡೆ ತಿರುಗಿ ನಕ್ಕ. “ಬಸ್ರಿ ಹೆಣ್ಮಗ್ಳು ಬಂದು ಕಾಲಿಡ್ತಾಳೆ, ನಿಮ್ಮ ಮನೆಗೆ ಒಳ್ಳೇದಾಗ್ತೈತೆ.”

ಶರಣಪ್ಪ ಅನುವಾದ ಮಾಡಲಿಲ್ಲ. ಬೇಕಾಗಿಯೂ ಇರಲಿಲ್ಲ. ಮಾಲಕಿ ನನ್ನ ಕುರ್ತಾ ನೋಡಿದಳು, ಕಾಗದ ಮಡಚಿದಳು, ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪನಿಗೆ ವಾಪಸು ಕೊಟ್ಟಳು. ಅಪ್ಪ ಅದು ಆ ಊರಿನ ಪದ್ಧತಿ ಇರಬೇಕು ಅಂತ ತಿಳಿದು ಕೈ ಮುಗಿದ.

ಮೆಟ್ಟಿಲ ಮೇಲೆ ನಾನು ಅಪ್ಪನಿಗೆ ಏನೇನು ಅಂದೆನೋ, ಈಗ ನೆನೆಸಿಕೊಂಡರೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತೆ. ನಿನಗೆ ಬುದ್ಧಿ ಐತಾ, ಯಾಕೆ ಬಂದೆ, ನಿನ್ನ ಕುರಿ ಜೊತೆ ಇರೋಕೇನಾಗಿತ್ತು ಅಂದೆ. ತಿಪ್ಪೇಶ “ಲೇ, ಸುಮ್ನಿರೇ, ಅವರಿಗೇನ್ ಗೊತ್ತು” ಅಂತ ನನ್ನ ಕೈ ಹಿಡಿದ. ಅಪ್ಪ ಕಂಬಳಿ ಚೀಲ ಎದೆಗೆ ಅವಚಿಕೊಂಡು ನಿಂತಿದ್ದ. “ನಾನು ಒಳ್ಳೇದೇ ಅಂದ್ನಲ್ಲವ್ವ” ಅಂದ. ಆಮೇಲೆ ಗೇಟು ದಾಟುವಾಗ, “ಬಸ್ರಿ ಅಂತ ಬ್ಯಾಡ ಅಂದ್ರಾ?” ಅಂತ ಮೆಲ್ಲಗೆ ಕೇಳಿದ. ನಾನು ಹೂಂ ಅಂದೆ. ಅಪ್ಪ ಟಗರಿನ ದುಡ್ಡು ತಿಪ್ಪೇಶನ ಕೈಗಿಟ್ಟು ಬಸ್ಸು ಹತ್ತಿದ.

ಆಮೇಲಿನ ಕಥೆ ಎಳೆಯೋದು ಬೇಡ. ಡಿಸೆಂಬರಿನಲ್ಲಿ ವಾರ್ಡನ್‌ಗೆ ಗೊತ್ತಾಯಿತು. ಏಣಿಯಿಂದ ಜಾರಿಬಿದ್ದರೆ ಯಾರು ಹೊಣೆ ಅಂದಳು, ಅವಳ ಮಾತೂ ತಪ್ಪಲ್ಲ. ಶರಣಪ್ಪ ಇನ್ನೂ ಐದು ಮನೆ ತೋರಿಸಿದ. ಏಳು ತಿಂಗಳ ಹೊಟ್ಟೆಗೆ ಯಾವ ಕುರ್ತಾ ಸಾಕಾಗುತ್ತೆ? ಸಂಕ್ರಾಂತಿಗೆ ಊರಿಗೆ ಬಂದೆ. ತಿಪ್ಪೇಶ ಬಸ್ಸಿನ ಕಿಟಕಿ ಹಿಡಕೊಂಡು ಚಿಕ್ಕ ಮಗು ಹಾಗೆ ಅತ್ತುಬಿಟ್ಟ. ಶಿವರಾತ್ರಿಗೆ ಎರಡು ದಿನ ಮುಂಚೆ ಹೊಸದುರ್ಗದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಈ ವರ್ಷ ಅಪ್ಪ ಅವ್ವ ಮಂದೆ ಹಿಂದೆ ಹೋಗಲಿಲ್ಲ, ದೊಡ್ಡಪ್ಪನ ಮಕ್ಕಳು ಹೊಡಕೊಂಡು ಹೋದರು.

ಊರಲ್ಲಿ ಯಾವ ಕೊರತೆಯೂ ಇಲ್ಲ. ಕೂಸು ನೋಡೋಕೆ ಬಂದವರೆಲ್ಲ ಬೆಲ್ಲ, ಕೊಬ್ಬರಿ ತಂದರು. ಮಾತು ಮುಗಿಸಿ ಏಳುವಾಗ ಒಬ್ಬರೂ ಬಿಡದೆ, “ಮತ್ತೆ ಯಾವಾಗ ಹೋಗ್ತಿ?” ಅಂತ ಕೇಳಿದರು. ಪ್ರೀತಿಯಿಂದಲೇ ಕೇಳಿದರು. ಮುಂಬಯಿಯಲ್ಲಿ ವಾರ್ಡನ್ ಯಾವಾಗ ಖಾಲಿ ಮಾಡ್ತಿ ಅಂತ ಕೇಳ್ತಿದ್ದಳು. ಇಲ್ಲಿ ಕೂತರೆ ಟ್ರೈನಿನ ಸದ್ದು ಕಿವಿಯಲ್ಲಿ, ಅಲ್ಲಿದ್ದಾಗ ಅವ್ವ ರೊಟ್ಟಿ ತಟ್ಟೋ ಸದ್ದು.

ಏಪ್ರಿಲ್ ಕೊನೆಗೆ ತಿಪ್ಪೇಶ ಫೋನ್ ಮಾಡಿದ. ಮನೆ ಸಿಕ್ಕಿತು ಅಂದ. ದೂರ, ಕೆಲಸಕ್ಕೆ ಎರಡು ಟ್ರೈನು ಬದಲಿಸಬೇಕು, ಆದರೆ ಹನ್ನೆರಡು ಸಾವಿರ, ಡಿಪಾಸಿಟ್ಟೂ ಕಟ್ಟಿದ್ದೀನಿ ಅಂದ. ನಾನು ಕೂಸನ್ನ ಎತ್ತಿಕೊಂಡು ಅಂಗಳದ ತುಂಬ ಓಡಾಡಿದೆ. ಆಮೇಲೆ ಅವನು ಕಾಗದದ ಫೋಟೋ ಕಳಿಸಿದ. ಇರುವವರು: ಇಬ್ಬರು.

“ಮೂರು ಅಂದಿದ್ರೆ ಇದೂ ಸಿಕ್ತಿರಲಿಲ್ಲ ಕಣೇ. ಮಕ್ಳಿಲ್ಲ ಅಂತ ಹೇಳಿದೀನಿ. ಮೊದ್ಲು ನೀನು ಬಾ. ನಿನ್ನ ಸಂಬಳ ಇಲ್ದೆ ಬಾಡಿಗೆ ಕಟ್ಟೋಕಾಗಲ್ಲ. ಹನ್ನೊಂದು ತಿಂಗ್ಳು ಕಳೀಲಿ, ಆಮೇಲೆ ಕೂಸಿನ ವಿಷ್ಯ ನೋಡಾಣ.” ಲ್ಯಾಬಿನವರೂ ಸೋಮವಾರದ ಒಳಗೆ ಬರದಿದ್ದರೆ ಬೇರೆಯವರನ್ನ ತಗೋತೀವಿ ಅಂದಿದ್ದಾರೆ. ನಾನು ಅವನ ಮೇಲೆ ಕೂಗಾಡಲಿಲ್ಲ. ಹತ್ತೊಂಬತ್ತು ಮತ್ತು ಐದು ಮನೆ ನೋಡಿದವಳು ನಾನೇ, ಕೂಗೋಕೆ ಯಾವ ಬಾಯಿ?

ಅಪ್ಪನಿಗೆ ಹೇಳಿದೆ, ಈ ಸಲ ಏನೂ ಮುಚ್ಚಿಡದೆ. ಅಪ್ಪ ತೊಟ್ಟಿಲ ಹಗ್ಗ ಹಿಡಿದು ನಿಂತವನು ಹಾಗೇ ನಿಂತ. “ಇರೋ ಕೂಸ್ನ ಇಲ್ಲ ಅಂದ್ನಾ?” ಅಂದ. ಆಮೇಲೆ ಹಗ್ಗ ಬಿಟ್ಟು ಹೊರಗೆ ಹೋದ.

ಅವ್ವ ಹೊಸದುರ್ಗಕ್ಕೆ ಹೋಗಿ ಹಾಲಿನ ಪುಡಿ, ಬಾಟಲಿ ತಂದಳು. “ನೀನು ಹೋಗು, ನಾನು ಸಾಕ್ತೀನಿ. ನಿನ್ನ ಸಾಕಿಲ್ವಾ?” ಅಂದಳು. ಹೋದ ವಾರದಿಂದ ಅಭ್ಯಾಸ ಮಾಡಿಸ್ತಿದ್ದಾಳೆ. ಕೂಸು ಮೂರು ದಿನ ಬಾಟಲಿ ಉಗಿದು ಚೀರಾಡಿತು, ನಾನು ಒಳಗಿಂದ ಓಡಿಬಂದು ಎತ್ತಿಕೊಂಡೆ. ಅವ್ವ ಬೈದು, ನೀನು ಕಣ್ಣಿಗೆ ಬೀಳಬೇಡ, ಬಿದ್ದರೆ ಅದು ಒಗ್ಗಲ್ಲ ಅಂತ ನನ್ನನ್ನ ಕೋಣೆಗೆ ಕಳಿಸಿದಳು. ನಾಳೆ ಸಂಜೆ ನನ್ನ ಬಸ್ಸು. ಒಂದೇ ಸೀಟು.

ಇವತ್ತು ಬೆಳಿಗ್ಗೆ ಬಾಗಿಲ ಸಂದಿಯಿಂದ ನೋಡ್ತಾ ಕೂತಿದ್ದೆ. ಕೂಸು ಅವ್ವನ ತೊಡೆ ಮೇಲೆ ಮಲಗಿ, ಅವಳ ಮುಖವನ್ನೇ ನೋಡ್ತಾ, ಒಂದು ಸಲವೂ ಅಳದೆ ಬಾಟಲಿ ಖಾಲಿ ಮಾಡಿತು. ಅವ್ವ ಬಾಟಲಿ ಎತ್ತಿ ಹಿಡಿದು, “ನೋಡೇ, ಒಗ್ಗಿಕೊಂಡ್ಲು” ಅಂತ ಕೂಗಿದಳು. ನಾನು ಹೊರಗೆ ಹೋಗಲಿಲ್ಲ. ನನ್ನ ರವಿಕೆ ಎರಡೂ ಕಡೆ ಹಾಲು ಸೋರಿ ಒದ್ದೆಯಾಗಿತ್ತು.